ಪ್ರಾತಿಕಾಮಿಯ ಪ್ರಶ್ನೆ

ಮಹಾಭಾರತದ ದ್ಯೂತಪ್ರಸಂಗವನ್ನು ಅರಿಯದ ಕನ್ನಡಿಗರು ವಿರಳ. ಆದರೂ ಆ ದಿನ ಸಭೆಯಲ್ಲಿದ್ದವರ ಹೆಸರುಗಳನ್ನು ಹೇಳಿರೆಂದರೆ, ಭೀಷ್ಮದ್ರೋಣರಿಂದ ಹಿಡಿದು ವಿಕರ್ಣನವರೆಗೆ ಎಣಿಸಬಲ್ಲವರೂ ಪ್ರಾತಿಕಾಮಿಯನ್ನು ಮರೆತುಬಿಡುವುದುಂಟು. ಅವನು ದುರ್ಯೋಧನನ ಊಳಿಗದವನು, ಕುಲದಿಂದ ಸೂತನು. ದ್ರೌಪದಿಯನ್ನು ಕರೆತರಲು ವಿದುರನು ಒಲ್ಲೆನೆಂದ ಮೇಲೆ ಆ ಅಪ್ಪಣೆ ಬಿದ್ದದ್ದು ಇವನ ಮೇಲೆ. ಮಂಡ್ಯದ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವನ್ನು ಕಟ್ಟುವಾಗ ದುರ್ಯೋಧನನ ಪಾತ್ರಕ್ಕೂ ಕೃಷ್ಣನ ಪಾತ್ರಕ್ಕೂ ಪೈಪೋಟಿಯಿಂದ ಹಣ ಕಟ್ಟುವವರುಂಟು. ಪ್ರಾತಿಕಾಮಿಯ ಪಾತ್ರವನ್ನು ಬಿಟ್ಟಿಯಾಗಿ ಕೊಟ್ಟರೂ ಕೈಯೊಡ್ಡುವವರು ಅಪೂರ್ವ. ಅಷ್ಟು ಸಣ್ಣವನೀತ. ಆದರೆ ಆ ಮಹಾಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಮೊದಲು ತಂದು ಮುಂದಿಟ್ಟವನು ಈತನೇ ಎಂಬುದನ್ನು ಕಾವ್ಯವಿಮರ್ಶಕರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ.

ಒಡೆಯನ ಆಜ್ಞೆಯು ಧರ್ಮಕ್ಕೂ ಶಾಸನಕ್ಕೂ ವಿರುದ್ಧವೆಂದು ಅದನ್ನು ನೆರವೇರಿಸತಕ್ಕ ಸೇವಕನಿಗೇ ತೋರಿದಾಗ ಅವನು ಏನು ಮಾಡಬೇಕು? ಇಂದಿನ ಮಾತಿನಲ್ಲಿ ಹೇಳುವುದಾದರೆ, ಸಂವಿಧಾನಕ್ಕೆ ವಿರುದ್ಧವೆಂದು ಕಂಡ ಅಪ್ಪಣೆಯನ್ನು ಸೈನಿಕರೂ ಪೋಲೀಸಿನವರೂ ನಿರಾಕರಿಸಬೇಕೆ, ಬೇಡವೆ? ಪಾಲಹಳ್ಳಿಯ ಸುತ್ತಿನವರಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಊರಿಗೆ ಮೂಡಣದಲ್ಲಿ, ಕಾವೇರಿಯ ಎರಡು ಕವಲುಗಳ ನಡುವೆ ನಿಂತಿರುವ ಕೋಟೆಯಲ್ಲಿಯೇ ಈ ಪ್ರಶ್ನೆ 1809ನೆಯ ಇಸವಿಯಲ್ಲಿ ರಕ್ತವನ್ನು ಹರಿಸಿತು. ಆ ವೃತ್ತಾಂತವನ್ನು ನೋಡುವ ಮುನ್ನ, ಕವಿಗಳು ಈ ವಿಷಯದಲ್ಲಿ ಏನು ಹೇಳಿರುವರೆಂಬುದನ್ನು ವಿಚಾರಿಸುವುದು ಯುಕ್ತ. ಏಕೆಂದರೆ ಸೇವಕಧರ್ಮವೆಂದರೆ ಇಂಥದೆಂಬ ಭಾವನೆ ಜನರ ಮನಸ್ಸಿನಲ್ಲಿ ಬೇರೂರಿರುವುದು ಕಾಯಿದೆಯ ಪುಸ್ತಕಗಳಿಂದಲ್ಲ, ಕಾವ್ಯಗಳಿಂದ.

ವ್ಯಾಸಭಾರತದ ಸಭಾಪರ್ವದಲ್ಲಿ ಈ ಸಂದರ್ಭ ಬಹು ಸೂಕ್ಷ್ಮವಾಗಿ ಬಂದಿದೆ. ಪ್ರಾತಿಕಾಮಿ ಮೊದಲನೆಯ ಸಲ ಅಪ್ಪಣೆಯನ್ನು ಕೇಳಿ ಮರುಮಾತಿಲ್ಲದೆ ಹೊರಡುತ್ತಾನೆ. ಸಿಂಹದ ಗುಹೆಗೆ ನುಗ್ಗುವ ನಾಯಿಯ ಉಪಮೆಯನ್ನು ಕವಿ ಅವನಿಗೆ ಕೊಟ್ಟಿದ್ದಾನೆ. ದ್ರೌಪದಿ ಅವನನ್ನು ಬೈಯುವುದಿಲ್ಲ. ಧರ್ಮರಾಜನು ಮೊದಲು ಸೋತದ್ದು ತನ್ನನ್ನೋ ತನ್ನ ಪತ್ನಿಯನ್ನೋ ಕೇಳಿ ಬಾ ಎಂದು ಹೇಳಿ ಕಳುಹಿಸುತ್ತಾಳೆ. ಇದು ಅಳಲಲ್ಲ; ವ್ಯವಹಾರದ ಪ್ರಶ್ನೆ. ತಾನೇ ದಾಸನಾದವನಿಗೆ ಮತ್ತೊಬ್ಬರನ್ನು ಪಣವಾಗಿ ಒಡ್ಡುವ ಅಧಿಕಾರವಿತ್ತೆ ಎಂಬುದು ಅದರ ತಿರುಳು. ಪ್ರಾತಿಕಾಮಿ ಮರಳಿ ಬಂದು ತುಂಬಿದ ಸಭೆಯಲ್ಲಿ ಅದನ್ನು ಹಾಗೆಯೇ ಕೇಳುತ್ತಾನೆ. ಧರ್ಮರಾಜನು ಜೀವವಿಲ್ಲದವನಂತೆ ಕುಳಿತಿರುತ್ತಾನೆ. ಅವಳೇ ಇಲ್ಲಿಗೆ ಬಂದು ಕೇಳಲಿ ಎಂದು ದುರ್ಯೋಧನನು ಮತ್ತೆ ಕಳುಹಿಸುತ್ತಾನೆ. ಎರಡನೆಯ ಸಲ ಹೋದಾಗ ಪ್ರಾತಿಕಾಮಿಯ ಬಾಯಿಂದ, ಕುರುಕುಲಕ್ಕೆ ಕೇಡುಗಾಲ ಬಂದಂತಿದೆ ಎಂಬ ಮಾತು ಹೊರಡುತ್ತದೆ. ಸಭೆಯ ಹಿರಿಯರು ಧರ್ಮವೆಂದು ಏನನ್ನು ಹೇಳುವರೋ ಕೇಳಿ ಬಾ ಎಂದು ದ್ರೌಪದಿ ಮತ್ತೆ ಅಟ್ಟುತ್ತಾಳೆ. ಅವನು ಮತ್ತೆ ಬಂದು ಕೇಳುತ್ತಾನೆ. ಹಿರಿಯರೆಲ್ಲ ತಲೆತಗ್ಗಿಸಿದ್ದಾರೆ. ಮೂರನೆಯ ಸಲವೂ ಅಪ್ಪಣೆಯಾಗುತ್ತದೆ; ಆಗ ಅವನು ಒಡೆಯನ ಕಡೆಗೆ ತಿರುಗದೆ ಸಭಾಸದರನ್ನು ಕುರಿತು, ಆಕೆಗೆ ತಾನೇನೆಂದು ಹೇಳಲಿ ಎಂದು ಕೇಳಿ ಅಲ್ಲಿಯೇ ನಿಂತುಬಿಡುತ್ತಾನೆ.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಪ್ರಾತಿಕಾಮಿ ಹೆದರಿದನೆಂದು ಕವಿಯೂ ಹೇಳುತ್ತಾನೆ, ದುರ್ಯೋಧನನೂ ಹೇಳುತ್ತಾನೆ. ಆದರೆ ಎರಡು ಹೆದರಿಕೆಗಳೂ ಒಂದೇ ಅಲ್ಲ. ಕವಿ ಹೇಳುವುದು ದ್ರೌಪದಿಯ ಕೋಪದ ಭಯವನ್ನು. ದುರ್ಯೋಧನನು ಹೇಳುವುದು ಭೀಮನ ಭಯವನ್ನು. ಅಬಲೆಯ ಕೋಪಕ್ಕೆ ಅಂಜುವುದೆಂದರೆ ಪಾಪಕ್ಕೆ ಅಂಜುವುದು. ಭೀಮನ ತೋಳಿಗೆ ಅಂಜುವುದೆಂದರೆ ಪೆಟ್ಟಿಗೆ ಅಂಜುವುದು. ದುರ್ಯೋಧನನಿಗೆ ಎರಡನೆಯ ಬಗೆಯ ಭಯವಲ್ಲದೆ ಬೇರೆ ಭಯವಿರಬಹುದೆಂಬುದೇ ತಿಳಿಯದು. ಈ ಅಲ್ಪಬುದ್ಧಿ ಭೀಮನಿಗೆ ಬೆದರಿದನೆಂದು ಹೀಗಳೆದು ಅವನು ದುಃಶಾಸನನನ್ನು ಕಳುಹಿಸುತ್ತಾನೆ. ಪ್ರಾತಿಕಾಮಿಯನ್ನು ಹೇಡಿಯೆಂದು ತಳ್ಳಿಬಿಡುವ ಓದುಗರು ಕವಿಯ ಮಾತನ್ನು ಬಿಟ್ಟು ದುರ್ಯೋಧನನ ಮಾತನ್ನೇ ನಂಬಿದಂತಾಯಿತು. ಕುಮಾರವ್ಯಾಸನು ದ್ರೌಪದಿಯ ಮೊರೆಯನ್ನು ಎಷ್ಟು ಕರುಳು ಕರಗುವಂತೆ ಬೆಳಸಿರುವನೆಂದರೆ, ಗಮಕಿಗಳು ಆ ಭಾಗವನ್ನು ವಾಚಿಸುವಾಗ ಕೇಳುವವರ ಕಣ್ಣು ಬೇರೊಬ್ಬರ ಕಡೆಗೆ ಹೊರಳುವುದೇ ಇಲ್ಲ. ಅದು ಕವಿಯ ಗೆಲುವು; ಆದರೆ ಆ ಗೆಲುವಿನ ನೆರಳಿನಲ್ಲಿ ಸೇವಕನೊಬ್ಬನು ಮರೆಯಾದನು.

ಇವನಿಗೆ ಎದುರಾಗಿ ಕನ್ನಡ ನಾಡು ಎತ್ತಿ ಮೆರೆಸಿರುವ ಆದರ್ಶ ಜೋಳವಾಳಿಯದು, ವೇಳೆವಾಳಿಯದು. ಉಂಡ ಅನ್ನದ ಋಣವನ್ನು ಪ್ರಾಣದಿಂದ ತೀರಿಸುವುದು ಜೋಳವಾಳಿ. ಒಡೆಯನೊಡನೆಯೇ ಸಾಯುವೆನೆಂದು ಭಾಷೆಯಿತ್ತು ಅದರಂತೆ ನಡೆಯುವುದು ವೇಳೆವಾಳಿ. ಕೃಷ್ಣರಾಜಪೇಟೆಯ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಹೋದವರು ಹೊಯ್ಸಳರ ಕಾಲದ ಗರುಡಗಂಬಗಳನ್ನು ಇಂದಿಗೂ ನೋಡಬಹುದು. ಅರಸರು ಕಾಲವಾದಾಗ ಅವರೊಡನೆ ತಾವೂ ಪ್ರಾಣಬಿಟ್ಟ ಗರುಡರ ನೆನಪು ಅವು. ಕಲ್ಲಿನಲ್ಲಿ ಕಂಡರಿಸಿದ್ದನ್ನೇ ಪಂಪನು 941ರ ಸುಮಾರಿನಲ್ಲಿ ಕಾವ್ಯದಲ್ಲಿ ಕಂಡರಿಸಿದ್ದನು. ಅವನು ಸ್ವತಃ ಅರಿಕೇಸರಿಯ ಆಶ್ರಯದಲ್ಲಿದ್ದು ಕತ್ತಿ ಹಿಡಿದವನು. ಅನ್ನದ ಋಣದ ಭಾರವನ್ನು ಬಲ್ಲವನು. ಜನ್ಮರಹಸ್ಯವು ತಿಳಿದ ಮೇಲೂ, ಎದುರುಪಕ್ಷದಲ್ಲಿರುವವರು ಒಡಹುಟ್ಟಿದವರೆಂದು ಅರಿತ ಮೇಲೂ ದುರ್ಯೋಧನನನ್ನು ಬಿಡದ ಕರ್ಣನನ್ನು ಅವನು ಭಾರತದಲ್ಲಿಯೇ ಸ್ಮರಣೀಯನೆಂದು ಮೇಲಕ್ಕೆತ್ತಿದನು. ಅಂದಿನಿಂದ ಕನ್ನಡದ ಓದುಗನಿಗೆ ಒಳ್ಳೆಯ ಸೇವಕನೆಂದರೆ ಕರ್ಣ. ಶಾಲೆಯ ಪಾಠಗಳಲ್ಲಿ, ಹರಿಕಥೆಗಳಲ್ಲಿ, ರಂಗದ ಮೇಲೆ ಈ ಮಾತೇ ಬೆಳೆದುಬಂದಿದೆ. ಹೀಗಿರಲು ಅಪ್ಪಣೆಯ ಎದುರಿಗೆ ನಿಂತು ಪ್ರಶ್ನಿಸುವವನು ಉಂಡ ಮನೆಗೆ ಎರಡು ಬಗೆದವನಂತೆ ಕಂಡರೆ ಆಶ್ಚರ್ಯವಿಲ್ಲ.

ಆದರೆ ಈ ಆದರ್ಶವನ್ನು ಹೊಗಳುವವರು ಅದರ ಮೇರೆಯನ್ನು ಮರೆಯುತ್ತಾರೆ. ಜೋಳವಾಳಿ ಬೇಡುವುದು ಸೇವಕನ ಪ್ರಾಣವನ್ನು, ಮತ್ತೊಬ್ಬರ ಮಾನವನ್ನಲ್ಲ. ಗರುಡನು ಕೊಟ್ಟದ್ದು ತನ್ನ ತಲೆಯನ್ನು. ನಾಡಿನ ವೀರಗಲ್ಲುಗಳು ಹೊಗಳುವುದು ತುರುಗೊಳ್ಳಿನಲ್ಲಿ ದನಗಳನ್ನು ಬಿಡಿಸಿ ಸತ್ತವನನ್ನು, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮೊರೆಗೆ ಓಡಿಬಂದು ಸತ್ತವನನ್ನು, ಊರಳಿವಿನಲ್ಲಿ ಊರನ್ನು ಕಾಯುತ್ತ ಸತ್ತವನನ್ನು. ನಿರಾಯುಧರನ್ನು ಒಡೆಯನ ಮಾತಿನಂತೆ ಕೊಂದೆನೆಂದು ಹೆಮ್ಮೆಪಡಲು ಯಾರೂ ಕಲ್ಲು ನಿಲ್ಲಿಸಲಿಲ್ಲ. ಪೆಣ್ಬುಯ್ಯಲು ಎಂಬ ಮಾತೊಂದು ಶಾಸನಗಳಲ್ಲಿರುವ ನಾಡಿನಲ್ಲಿ, ದ್ರೌಪದಿಯ ಮೊರೆಯನ್ನು ಕೇಳಿ ಸುಮ್ಮನಿದ್ದವರ ನಡತೆಗೆ ಅನ್ನದ ಋಣವನ್ನು ನೆಪವಾಗಿ ಹೇಳುವುದು ಹೇಗೆ? ಭೀಷ್ಮಪರ್ವದ ಮೊದಲಲ್ಲಿ ಧರ್ಮರಾಜನು ಬಂದು ನಮಸ್ಕರಿಸಿದಾಗ ಭೀಷ್ಮನೂ ದ್ರೋಣನೂ ಕೃಪನೂ ಶಲ್ಯನೂ ಒಬ್ಬರಾದ ಮೇಲೊಬ್ಬರು, ತಾವು ಅರ್ಥಕ್ಕೆ ಕಟ್ಟುಬಿದ್ದವರೆಂಬ ಒಂದೇ ಸಮಾಧಾನವನ್ನು ಹೇಳುತ್ತಾರೆ. ರಣರಂಗದಲ್ಲಿ ಆ ಮಾತಿಗೆ ಬೆಲೆಯುಂಟು. ಅಲ್ಲಿ ಅವರು ತಮ್ಮ ಪ್ರಾಣವನ್ನೇ ತೆತ್ತರು. ದ್ಯೂತಸಭೆಯಲ್ಲಿ ಅವರು ತೆತ್ತದ್ದೇನು? ಅಲ್ಲಿ ಅವರ ಋಣವನ್ನು ತೀರಿಸಿದವಳು ದ್ರೌಪದಿ. ಆ ನಾಲ್ವರು ಸಮಾಧಾನ ಹೇಳಿದ ಸ್ವಲ್ಪ ಹೊತ್ತಿನಲ್ಲಿಯೇ ಧೃತರಾಷ್ಟ್ರನ ಮಗನಾದ ಯುಯುತ್ಸು ಎಲ್ಲರೂ ನೋಡುತ್ತಿರುವಂತೆ ಪಾಂಡವರ ಕಡೆಗೆ ನಡೆದುಬಂದನು. ಅವನನ್ನು ಕುರಿತು ಕನ್ನಡದಲ್ಲಿ ಕಾವ್ಯವಿಲ್ಲದಿರುವುದು ನಷ್ಟವೇ ಸರಿ.

ಇನ್ನು ಶ್ರೀರಂಗಪಟ್ಟಣದ ಮಾತು. ಈ ಕೋಟೆಯ ಚರಿತ್ರೆಯಲ್ಲಿ ವಿಧೇಯತೆಯೂ ಅವಿಧೇಯತೆಯೂ ಹತ್ತು ವರ್ಷಗಳ ಅಂತರದಲ್ಲಿ ತಮ್ಮ ತಮ್ಮ ಕೆಟ್ಟ ಮುಖಗಳನ್ನು ತೋರಿಸಿವೆ. 1799ನೆಯ ಇಸವಿ ಮೇ 4ರಂದು ಪಡುವಣ ಕಡೆಯ ಗೋಡೆಯ ಬಿರುಕಿನಿಂದ ಆಂಗ್ಲರ ಸೈನ್ಯವು ಒಳನುಗ್ಗಿತು. ಆ ಮಧ್ಯಾಹ್ನ ಮೀರ್ ಸಾದಕನು ಸಂಬಳ ಹಂಚುವ ನೆಪದಿಂದ ಕಾವಲಿನವರನ್ನು ಬಿರುಕಿನ ಬಳಿಯಿಂದ ಕರೆಸಿಕೊಂಡನೆಂಬುದು ಸೀಮೆಯಲ್ಲೆಲ್ಲ ಹಬ್ಬಿರುವ ಪ್ರತೀತಿ. ಜನರ ಶಾಪವೆಲ್ಲ ಮೀರ್ ಸಾದಕನ ಮೇಲಿದೆ. ಕರೆದೊಡನೆ ಕಾವಲನ್ನು ಬಿಟ್ಟು ನಡೆದ ಸಿಪಾಯಿಗಳನ್ನು ಯಾರೂ ದೂರುವುದಿಲ್ಲ. ಅವರು ಮಾಡಿದ್ದು ಅಪ್ಪಣೆಯ ಪಾಲನೆಯಷ್ಟೆ. ಶತ್ರು ಹೊಳೆಯ ಆಚೆ ನಿಂತಿರುವಾಗ ಸಂಬಳಕ್ಕೆ ಬನ್ನಿರೆಂಬ ಅಪ್ಪಣೆ ಸಹಜವೇ ಎಂದು ಅವರಲ್ಲಿ ಒಬ್ಬನಾದರೂ ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

1809ರ ಗಲಭೆಯ ಮೂಲ ಬಹು ಕ್ಷುದ್ರವಾದದ್ದು. ಮದರಾಸಿನ ಸೈನ್ಯದಲ್ಲಿ ಪಲ್ಟಣಗಳನ್ನು ಆಳುವ ಆಂಗ್ಲ ಅಧಿಕಾರಿಗಳಿಗೆ ಡೇರೆಗಳನ್ನು ಒದಗಿಸುವ ಸಲುವಾಗಿ ತಿಂಗಳಿಗಿಷ್ಟೆಂದು ಹಣ ಸಲ್ಲುತ್ತಿತ್ತು. ಯುದ್ಧವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಇಂಥ ಏರ್ಪಾಟಿನಲ್ಲಿ ಅಧಿಕಾರಿಯ ಲಾಭವೂ ಅವನ ಕರ್ತವ್ಯವೂ ಎದುರುಬದುರಾಗುವುವೆಂದು ಕ್ವಾರ್ಟರ್ ಮಾಸ್ಟರ್ ಜನರಲನಾದ ಕರ್ನಲ್ ಮನ್ರೋ ಎಂಬಾತನು ವರದಿ ಬರೆದನು. (ರಯತವಾರಿ ಪದ್ಧತಿಯ ಸರ್ ಥಾಮಸ್ ಮನ್ರೋ ಬೇರೆ, ಈ ಜಾನ್ ಮನ್ರೋ ಬೇರೆ.) 1808ರಲ್ಲಿ ಡೇರೆಯ ಗುತ್ತಿಗೆ ರದ್ದಾಯಿತು. ವರದಿಯಿಂದ ತಮ್ಮ ಮಾನಕ್ಕೆ ಕುಂದು ಬಂದಿತೆಂದು ಅಧಿಕಾರಿಗಳು ಕೂಗಿದರು. ಪ್ರಧಾನ ಸೇನಾಪತಿ ಮ್ಯಾಕ್‌ಡೋವಲನು ಮನ್ರೋವನ್ನು ಬಂಧನದಲ್ಲಿಟ್ಟನು. ಗವರ್ನರ್ ಸರ್ ಜಾರ್ಜ್ ಬಾರ್ಲೋ ಅವನನ್ನು ಬಿಡಿಸಿದನು. ಸೇನಾಪತಿ ಕೆಲಸ ಬಿಟ್ಟು ಹಡಗನ್ನೇರುವ ಹೊತ್ತಿನಲ್ಲಿ, ಅಂದರೆ 1809ರ ಜನವರಿ 28ರ ತಾರೀಖಿನಲ್ಲಿ, ಮನ್ರೋವನ್ನು ಖಂಡಿಸುವ ಹುಕುಮೊಂದನ್ನು ಸೈನ್ಯಕ್ಕೆ ಹೊರಡಿಸಿ ಹೋದನು. ಅದಕ್ಕೆ ರುಜು ಹಾಕಿದವನು ಉಪ ಅಡ್ಜುಟೆಂಟ್ ಜನರಲನಾದ ಮೇಜರ್ ಬೋಲ್ಸ್. ಸರ್ಕಾರವು ಬೋಲ್ಸನನ್ನು ಕೆಲಸದಿಂದ ತಡೆದಿರಿಸಿತು.

ಈ ಬೋಲ್ಸನ ಮೊಕದ್ದಮೆಯೇ ವಿಚಾರದ ಗಂಟು. ಮೇಲಧಿಕಾರಿ ಹೇಳಿದನು, ರುಜು ಹಾಕಿದೆನು ಎಂಬುದು ಅವನ ಉತ್ತರ. ಸರ್ಕಾರದ ಅಧಿಕಾರವನ್ನೇ ಅಲ್ಲಗಳೆಯುವ ಹುಕುಮಿಗೆ ರುಜು ಹಾಕಿ, ಅಪ್ಪಣೆಯಿತ್ತೆಂದು ಜಾರಿಕೊಳ್ಳಲಾಗದೆಂಬುದು ಸರ್ಕಾರದ ಪ್ರತ್ಯುತ್ತರ. ಎಂದರೆ, ಅಕ್ರಮವಾದ ಅಪ್ಪಣೆಯನ್ನು ಅವನು ನಿರಾಕರಿಸಬೇಕಾಗಿತ್ತು! ಇದನ್ನು ಹೇಳಿದ್ದು ಯಾವ ಸರ್ಕಾರ? ಮೂರು ವರ್ಷಗಳ ಹಿಂದೆ, 1806ರಲ್ಲಿ, ಹಣೆಯ ನಾಮವನ್ನು ಅಳಿಸಿ ಹೊಸ ಬಗೆಯ ಟೋಪಿಯನ್ನು ತೊಡಬೇಕೆಂಬ ಅಪ್ಪಣೆಯನ್ನು ವೇಲೂರಿನ ಸಿಪಾಯಿಗಳು ಒಲ್ಲೆವೆಂದಾಗ ಅವರಲ್ಲಿ ಇಬ್ಬರಿಗೆ ತಲಾ 900 ಛಡಿಯೇಟಿನ ಶಿಕ್ಷೆ ವಿಧಿಸಿದ ಸರ್ಕಾರ. ಜುಲೈ 10ರ ದಂಗೆಯಾದ ಮೇಲೆ ಕೆಲವರನ್ನು ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿದ ಸರ್ಕಾರ. ಟಿಪ್ಪುವಿನ ಮಕ್ಕಳು ಆ ಕೋಟೆಯಲ್ಲಿಯೇ ಇದ್ದುದರಿಂದ ದಂಗೆಗೆ ರಾಜಕೀಯದ ಬಣ್ಣವೂ ಬಂದಿತು. ಆದರೂ ಮೊದಲು ಛಡಿಯೇಟು ತಿಂದವರು ಯಾವ ರಾಜ್ಯವನ್ನೂ ಬೇಡಿರಲಿಲ್ಲ.

ಅತ್ತ ಆಂಗ್ಲ ಅಧಿಕಾರಿಗಳ ತರ್ಕವೂ ಇದಕ್ಕಿಂತ ನೆಟ್ಟಗಿರಲಿಲ್ಲ. ಬೋಲ್ಸನು ವಿಧೇಯನಾದುದರಿಂದ ನಿರಪರಾಧಿ ಎಂದು ವಾದಿಸುತ್ತ ವಾದಿಸುತ್ತ ಅವರೇ ಅವಿಧೇಯರಾದರು. ಮಚಲಿಪಟ್ಟಣದಲ್ಲಿ, ಹೈದರಾಬಾದಿನಲ್ಲಿ, ಜಾಲನಾದಲ್ಲಿ ಗಲಭೆಯೆದ್ದಿತು. ಜುಲೈ 26ರಂದು, ಸರ್ಕಾರಕ್ಕೆ ವಿಧೇಯರಾಗಿರುವೆವೆಂಬ ಪ್ರತಿಜ್ಞಾಪತ್ರಕ್ಕೆ ಪ್ರತಿಯೊಬ್ಬ ಅಧಿಕಾರಿಯೂ ರುಜು ಹಾಕಬೇಕೆಂದು ಬಾರ್ಲೋ ಆಜ್ಞೆ ಮಾಡಿದನು. ಶ್ರೀರಂಗಪಟ್ಟಣದ ಠಾಣ್ಯದವರು ಕರ್ನಲ್ ಬೆಲ್ಲನ ಕೈಕೆಳಗೆ ಕೋಟೆಯನ್ನೂ ಖಜಾನೆಯನ್ನೂ ವಶಪಡಿಸಿಕೊಂಡು ಬಾಗಿಲಿಕ್ಕಿಕೊಂಡರು. ಚಿತ್ರದುರ್ಗದಲ್ಲಿದ್ದ ಎರಡು ಪಲ್ಟಣಗಳನ್ನು ಅವುಗಳ ಅಧಿಕಾರಿಗಳು ಪಟ್ಟಣದವರ ಸಹಾಯಕ್ಕೆಂದು ನಡೆಸಿಕೊಂಡು ಹೊರಟರು. ಸರ್ಕಾರದ ಪಕ್ಷದಲ್ಲಿ ದಿವಾನ್ ಪೂರ್ಣಯ್ಯನವರು ಕೊಟ್ಟ ಮೈಸೂರಿನ ಕುದುರೆಸವಾರರೂ ಕರ್ನಲ್ ಗಿಬ್ಸನ ಕೈಕೆಳಗಿನ ಸೈನ್ಯವೂ ಇದ್ದಿತು. ಆಗಸ್ಟ್ 11ರಂದು, ಕೋಟೆ ಇನ್ನೇನು ಹತ್ತಿರವಾಯಿತೆನ್ನುವಾಗ, ಸವಾರರು ಚಿತ್ರದುರ್ಗದ ಪಲ್ಟಣಗಳ ಮೇಲೆ ಬಿದ್ದರು.

ಸತ್ತವರು ಯಾರು? ಸಿಪಾಯಿಗಳು. ಡೇರೆಯ ಹಣ ಅವರದಲ್ಲ. ಮನ್ರೋವಿನ ವರದಿಯನ್ನು ಅವರು ಓದಿದವರಲ್ಲ. ಬೋಲ್ಸನ ಹೆಸರನ್ನು ಎಷ್ಟು ಮಂದಿ ಕೇಳಿದ್ದರೋ! ಅವರು ಕಂಡದ್ದು ತಮ್ಮ ತಮ್ಮ ಅಧಿಕಾರಿಯ ಅಪ್ಪಣೆಯನ್ನು. ನಡೆ ಎಂದನು, ನಡೆದರು. ಬಾರ್ಲೋವಿನ ಸರ್ಕಾರವು ಅಧಿಕಾರಿಗಳನ್ನು ದಾಟಿ ನೇರವಾಗಿ ಸಿಪಾಯಿಗಳಿಗೇ, ನಿಮ್ಮ ನಿಷ್ಠೆ ಸರ್ಕಾರಕ್ಕೇ ಹೊರತು ಅಧಿಕಾರಿಗಲ್ಲ ಎಂದು ತಿಳಿಯಹೇಳಿಸುತ್ತಿತ್ತು. ಆ ಉಪದೇಶ ಚಿತ್ರದುರ್ಗದವರ ಮನಸ್ಸಿಗೆ ನಾಟುವ ಮೊದಲೇ ಕುದುರೆಗಳು ನುಗ್ಗಿದುವು. ಆಗಸ್ಟ್ ಮುಗಿಯುವುದರೊಳಗಾಗಿ ಕೋಟೆಯವರು ಶರಣಾದರು. ಗವರ್ನರ್ ಜನರಲ್ ಲಾರ್ಡ್ ಮಿಂಟೋ ಸೆಪ್ಟೆಂಬರಿನಲ್ಲಿ ಮದರಾಸಿಗೆ ಬಂದು ಕೆಲವರನ್ನು ಮಾತ್ರ ಶಿಕ್ಷೆಗೆ ಗುರಿಮಾಡಿ ಉಳಿದವರಿಗೆಲ್ಲ ಕ್ಷಮೆ ನೀಡಿದನು. ಬೆಲ್ಲನು ಕೆಲಸವನ್ನು ಕಳೆದುಕೊಂಡನು. ಒಬ್ಬ ಅಧಿಕಾರಿಯೂ ನೇಣಿಗೆ ಹೋಗಲಿಲ್ಲ; ಕೆಲಸ ಕಳೆದುಕೊಂಡವರಲ್ಲಿ ಹಲವರಿಗೆ ಮುಂದೆ ಅದು ಮರಳಿ ದೊರೆಯಿತು. ವೇಲೂರಿನ ಫಿರಂಗಿಯ ಬಾಯನ್ನು ನೆನೆದು ಇದನ್ನು ಓದಿದವರಿಗೆ, ನಿರಾಕರಣೆಯ ಹಕ್ಕು ಯಾರಿಗಿತ್ತು, ಅದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶ್ರೀರಂಗಪಟ್ಟಣದ ಅಧಿಕಾರಿಗಳೂ ತಮ್ಮ ಪಕ್ಷವನ್ನು ನ್ಯಾಯದ ಭಾಷೆಯಲ್ಲಿಯೇ ಮಂಡಿಸಿದ್ದರು. ಸೈನ್ಯದ ಹಕ್ಕು, ಮಾನ, ಸರ್ಕಾರದ ಅತಿಕ್ರಮ ಎಂಬ ಮಾತುಗಳಿಗೆ ಅವರ ಅರ್ಜಿಗಳಲ್ಲಿ ಬರವಿರಲಿಲ್ಲ. ಆದುದರಿಂದ ಆತ್ಮಸಾಕ್ಷಿಯ ಹೆಸರನ್ನು ಹೇಳಿದ ಮಾತ್ರಕ್ಕೆ ನಿರಾಕರಣೆ ಪವಿತ್ರವಾಗದು. ಅದನ್ನು ಅಳೆಯಲು ಬೇರೆ ಗುರುತು ಬೇಕು. ಕೋಟೆಯ ಬಾಗಿಲನ್ನು ಮುಚ್ಚಿ ಖಜಾನೆಯ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾಡಿದ ನಿರಾಕರಣೆ ಒಂದು ಬಗೆ. ಬರಿಗೈಯಲ್ಲಿ ಸಭೆಯ ನಡುವೆ ನಿಂತು, ಏನೆಂದು ಹೇಳಲಿ ಎಂದು ಕೇಳಿದ ನಿರಾಕರಣೆ ಇನ್ನೊಂದು ಬಗೆ. ಮೊದಲನೆಯದು ಅಪ್ಪಣೆ ಮಾಡುವ ಅಧಿಕಾರವನ್ನು ತಾನೇ ಕಿತ್ತುಕೊಳ್ಳುತ್ತದೆ. ಎರಡನೆಯದು ಅಪ್ಪಣೆಯನ್ನು ಅದು ಹೊರಟ ಸಭೆಗೇ ಪ್ರಶ್ನೆಯಾಗಿ ಹಿಂದಿರುಗಿಸಿ, ಅದರಿಂದ ಬರುವ ದಂಡನೆಗೆ ತನ್ನ ಬೆನ್ನನ್ನು ಒಡ್ಡುತ್ತದೆ.

ಎರಡನೆಯ ಬಗೆಗೆ ಭಾರತದ ಈಚಿನ ಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನವುಂಟು. 1930ನೆಯ ಇಸವಿ ಏಪ್ರಿಲ್ 23ರಂದು ಪೇಷಾವರದಲ್ಲಿ ನಿರಾಯುಧರಾದ ಪಠಾಣರ ಗುಂಪಿನ ಮೇಲೆ ಗುಂಡು ಹಾರಿಸಬೇಕೆಂದು ಅಪ್ಪಣೆಯಾದಾಗ ಗಢವಾಲಿ ಪಲ್ಟಣದವರು ಒಲ್ಲೆವೆಂದರು. ಅವರು ತಮ್ಮ ಅಧಿಕಾರಿಗಳ ಮೇಲೆ ಬಂದೂಕವನ್ನು ತಿರುಗಿಸಲಿಲ್ಲ, ಊರನ್ನು ಹಿಡಿಯಲಿಲ್ಲ. ಸೈನಿಕ ನ್ಯಾಯಾಲಯದ ಮುಂದೆ ನಿಂತು ಶಿಕ್ಷೆಯನ್ನು ಅನುಭವಿಸಿದರು. ಚಂದ್ರಸಿಂಹ ಗಢವಾಲಿಗೆ ಜೀವಾವಧಿ ಶಿಕ್ಷೆಯಾಗಿ 1941ರಲ್ಲಿ ಬಿಡುಗಡೆಯಾಯಿತು. ವಿಚಿತ್ರವೆಂದರೆ ಅಹಿಂಸೆಯ ಆಚಾರ್ಯರಾದ ಗಾಂಧೀಜಿಯವರು ಈ ನಡತೆಯನ್ನು ಎತ್ತಿಹಿಡಿಯಲಿಲ್ಲ. ವಿಧೇಯತೆಯ ಪ್ರತಿಜ್ಞೆ ಮಾಡಿದ ಸೈನಿಕನು ಅದನ್ನು ಮುರಿದರೆ ಅಪರಾಧಿಯೇ, ಇಂದು ಅವರಿಗೆ ಅವಿಧೇಯತೆಯನ್ನು ಕಲಿಸಿದರೆ ನಾಳೆ ತಾವು ಅಧಿಕಾರಕ್ಕೆ ಬಂದಾಗಲೂ ಅವರು ಹಾಗೆಯೇ ಮಾಡಿಯಾರು ಎಂಬ ಅರ್ಥದ ಮಾತನ್ನು ಅವರು ಫ್ರೆಂಚ್ ಪತ್ರಕರ್ತನೊಬ್ಬನಿಗೆ ಹೇಳಿದರು. ಗಾಂಧೀಜಿಯವರ ಮಾತೆಂದು ಇದನ್ನು ಸುಮ್ಮನೆ ತಲೆಯ ಮೇಲಿಟ್ಟುಕೊಳ್ಳಬೇಕಾದ್ದೂ ಇಲ್ಲ, ತಳ್ಳಿಬಿಡತಕ್ಕದ್ದೂ ಅಲ್ಲ. 1809ರ ಪಟ್ಟಣವನ್ನು ಕಂಡವರಿಗೆ ಆ ಭಯದ ಹುರುಳು ಅರ್ಥವಾಗುತ್ತದೆ. ಆದರೆ ಅವರ ತಕ್ಕಡಿಯಲ್ಲಿ ಗಢವಾಲಿಗಳೂ ಪಟ್ಟಣದ ಬೆಲ್ಲನೂ ಒಂದೇ ತೂಕಕ್ಕೆ ಬಂದಾರು, ಅದು ನ್ಯಾಯವಲ್ಲ. ಪ್ರತಿಜ್ಞೆ ಮಾಡಿದವನು ತನ್ನ ಪ್ರಾಣವನ್ನು ಒತ್ತೆಯಿಟ್ಟನೇ ಹೊರತು ಪೇಷಾವರದ ಬೀದಿಯಲ್ಲಿದ್ದವರ ಪ್ರಾಣವನ್ನಲ್ಲ. ಗರುಡಗಂಬದ ನೀತಿಯೂ ಇಷ್ಟನ್ನೇ ಹೇಳುತ್ತದೆ.

ಮೈಸೂರು ಸಂಸ್ಥಾನದಲ್ಲಿ 1938ರ ಏಪ್ರಿಲ್ ತಿಂಗಳೊಂದರಲ್ಲಿಯೇ ಎರಡು ಸಭೆಗಳು ಸೇರಿದುವು. ಮದ್ದೂರಿನ ಹತ್ತಿರದ ಶಿವಪುರದಲ್ಲಿ ನಿಷೇಧವನ್ನು ಮೀರಿ ಧ್ವಜವೇರಿತು; ನಾಯಕರು ಸೆರೆಯಾದರು; ಗುಂಡು ಹಾರಲಿಲ್ಲ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ಹೊಂದಿಕೆಯಿಲ್ಲ. ಎರಡು ಕಡೆಯೂ ಇದ್ದದ್ದು ಒಂದೇ ಸಂಸ್ಥಾನದ ಪೋಲೀಸು, ಒಂದೇ ಕಾಯಿದೆ, ಅದೇ ಧ್ವಜ. ವಿದುರನು ನೆಟ್ಟನೆಂಬ ಅಶ್ವತ್ಥದಿಂದ ಆ ಊರಿಗೆ ಹೆಸರು ಬಂದಿತೆಂದು ಸ್ಥಳಪುರಾಣ. ದ್ರೌಪದಿಯನ್ನು ಕರೆತರಲಾರೆನೆಂದು ಮೊದಲು ಹೇಳಿದವನು ಆ ವಿದುರನೇ.

ಕಾಯಿದೆಯೇನೂ ಸೇವಕನಿಂದ ಕುರುಡುತನವನ್ನು ಬೇಡಿಲ್ಲ. 1861ರ ಪೋಲೀಸ್ ಕಾಯಿದೆ ಕೂಡ, ಪರಕೀಯರ ಆಳ್ವಿಕೆಯಲ್ಲಿ ಹುಟ್ಟಿದ್ದಾದರೂ, ಕಾನೂನಿನಂತೆ ಹೊರಟ ಅಪ್ಪಣೆಗೆ ವಿಧೇಯನಾಗಿರೆಂದಿತು. 1950ರ ಸೇನಾ ಕಾಯಿದೆಯ 41ನೆಯ ಪ್ರಕರಣವು ದಂಡಿಸುವುದು ನ್ಯಾಯಬದ್ಧವಾದ ಆಜ್ಞೆಯನ್ನು ಮೀರಿದವನನ್ನು. ಮೇಲಧಿಕಾರಿಯ ಆಜ್ಞೆಯಂತೆ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕನು ಅಪರಾಧಿಯಲ್ಲವೆಂದು ಹಳೆಯ ದಂಡಸಂಹಿತೆಯ 76ನೆಯ ಪ್ರಕರಣದಲ್ಲಿ ಒಂದು ನಿದರ್ಶನವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 14ನೆಯ ಪ್ರಕರಣಕ್ಕೆ ಅದೇ ಸಾಗಿಬಂದಿದೆ. ಆದರೆ ಆ ನಿದರ್ಶನದಲ್ಲಿಯೂ ಆಜ್ಞೆ ಕಾನೂನಿಗೆ ಅನುಸಾರವಾಗಿರಬೇಕೆಂಬ ಮಾತು ಇದ್ದೇ ಇದೆ. ಸೈನಿಕನ ಪ್ರತಿಜ್ಞೆಯೂ ಯಾವ ಮಂತ್ರಿಯ ಹೆಸರಿನಲ್ಲಿಯೂ ಅಲ್ಲ, ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು. ಕರ್ಣನ ಕಾಲದಲ್ಲಿ ಅನ್ನವನ್ನಿತ್ತವನು ದುರ್ಯೋಧನ. ಇಂದು ಅನ್ನವನ್ನಿಡುವವರು ಕಂದಾಯ ತೆರುವ ಪ್ರಜೆಗಳು. ಋಣದ ಮಾತೆತ್ತಿದರೆ ಅದು ತೀರತಕ್ಕದ್ದು ಅವರಿಗೆ.

ಹೀಗೆಂದು ಕಷ್ಟವೆಲ್ಲ ಪರಿಹಾರವಾಯಿತೆಂದು ತಿಳಿಯಬಾರದು. 1975ನೆಯ ಇಸವಿ ಜೂನ್ 25ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ ನಾರಾಯಣರು, ಅಕ್ರಮವಾದ ಅಪ್ಪಣೆಗಳನ್ನು ಪಾಲಿಸಬಾರದೆಂದು ಸೈನ್ಯಕ್ಕೂ ಪೋಲೀಸಿಗೂ ಕರೆಯಿತ್ತರು. ಆ ರಾತ್ರಿಯೇ ತುರ್ತುಪರಿಸ್ಥಿತಿಯ ಘೋಷಣೆಯಾಯಿತು; ಅದಕ್ಕೆ ಸರ್ಕಾರ ಕೊಟ್ಟ ಕಾರಣಗಳಲ್ಲಿ ಈ ಕರೆಯೂ ಒಂದು. ವೇದಿಕೆಯ ಮೇಲಿಂದ ಸೇನೆಗೆ ಕೊಡುವ ಕರೆಗೆ, ಎಷ್ಟು ಸಾಧುವಾದ ಬಾಯಿಂದ ಬಂದರೂ, ಒಂದು ಅಪಾಯವುಂಟು: ಕೇಳಿದವನು ಒಬ್ಬೊಬ್ಬನಾಗಿ ಪ್ರಶ್ನಿಸುವ ಬದಲು ಗುಂಪಾಗಿ ಪಕ್ಷ ಹಿಡಿದಾನು. ಪ್ರತಿಯೊಬ್ಬ ಕಾನ್‌ಸ್ಟೇಬಲನೂ ಒಂದೊಂದು ಸುಪ್ರೀಂ ಕೋರ್ಟಾದರೆ ಬೀದಿಯಲ್ಲಿ ದುರ್ಬಲನಿಗೆ ದಿಕ್ಕಿಲ್ಲ. ಒಂದು ಶಾಸನ ಸಂವಿಧಾನಕ್ಕೆ ಹೊಂದುವುದೇ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ. ಆದರೆ ಕಾಗದವಿಲ್ಲದೆ ಬಂದ ಅಪ್ಪಣೆಗೆ ಕಾಗದ ಕೇಳಲು, ಓಡಿಹೋಗುತ್ತಿರುವ ಬರಿಗೈಯವನ ಬೆನ್ನಿಗೆ ಗುರಿಯಿಡಬಹುದೇ ಎಂದು ಕೇಳಲು ಪಂಡಿತನಾಗಬೇಕಿಲ್ಲ. ತುರ್ತುಪರಿಸ್ಥಿತಿಯ ನಡವಳಿಗಳನ್ನು ವಿಚಾರಿಸಿದ ಷಾ ಆಯೋಗವು ತೋರಿಸಿಕೊಟ್ಟದ್ದು ಇದನ್ನೇ: ಬಾಯಿಮಾತಿನ ಅಪ್ಪಣೆಯ ಮೇಲೆ ಜನರು ಸೆರೆಗೆ ಹೋದರು, ಕಾರಣಗಳು ಆಮೇಲೆ ತಯಾರಾದುವು. ಕೇಳಬೇಕಾಗಿದ್ದವರು ದೊಡ್ಡ ಹುದ್ದೆಗಳಲ್ಲಿದ್ದರು, ಕೇಳಲಿಲ್ಲ. ಪ್ರಾತಿಕಾಮಿ ಎರಡು ಸಲ ನಡೆದು ಮೂರು ಸಲ ಕೇಳಿದನು.

ಪ್ರಾತಿಕಾಮಿಯ ನಡತೆ ಪೂರ್ಣವಾದುದೆಂದು ಹೇಳುವಂತಿಲ್ಲ. ಅವನು ಒಲ್ಲೆನೆಂಬ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. ದುಃಶಾಸನನು ಎದ್ದಾಗ ಅಡ್ಡ ನಿಲ್ಲಲಿಲ್ಲ. ಅವನ ಹಿಂಜರಿಕೆಯಿಂದ ದ್ರೌಪದಿಗೆ ದೊರೆತದ್ದು ಸ್ವಲ್ಪ ಕಾಲಾವಕಾಶ ಮಾತ್ರ. ಆ ಅವಕಾಶದಲ್ಲಿ ಸಭೆಯಲ್ಲಿದ್ದ ಯಾರು ಬೇಕಾದರೂ ಮಾತಾಡಬಹುದಾಗಿತ್ತು. ಸೇವಕನ ಪ್ರಶ್ನೆಗೆ ಬೆಲೆ ಬರುವುದೂ ಬಾರದಿರುವುದೂ ಸಭೆಯ ಕೈಯಲ್ಲಿದೆ. ಹಿರಿಯರು ಮಾತಾಡಬೇಕಾದ ಕಡೆ ಮಾತಾಡಿದ್ದರೆ ಊಳಿಗದವನಿಗೆ ಆ ಸಂಕಟವೇ ಬರುತ್ತಿರಲಿಲ್ಲ. ಸೈನಿಕನು ನಿರಾಕರಿಸಬೇಕೇ ಎಂದು ಚರ್ಚಿಸುವ ಸಂದರ್ಭ ಬಂದಿತೆಂದರೆ ಅವನಿಗಿಂತ ಮೇಲೆ ಕುಳಿತ ಹಲವರು ಆಗಲೇ ತಪ್ಪಿದ್ದಾರೆಂದು ಅರ್ಥ.

ಆ ಸಭೆಯಲ್ಲಿ ಇನ್ನೊಬ್ಬ ಸೂತಪುತ್ರನಿದ್ದನು. ವಿಕರ್ಣನು ಎದ್ದು ದ್ರೌಪದಿ ಸೋತವಳಲ್ಲವೆಂದು ವಾದಿಸಿದಾಗ ಅವನ ಬಾಯಿ ಮುಚ್ಚಿಸಿದವನು, ಅವಳ ವಸ್ತ್ರವನ್ನು ಸೆಳೆಯೆಂದು ದುಃಶಾಸನನಿಗೆ ಹೇಳಿದವನು ವ್ಯಾಸಭಾರತದಲ್ಲಿ ಕರ್ಣನೇ. ಅನ್ನದ ಋಣಕ್ಕೆ ಮಾದರಿಯೆಂದು ಕನ್ನಡಿಗರು ಕೊಂಡಾಡುವ ಅದೇ ಕರ್ಣ. ಮುಂದೆ ಕೃಷ್ಣನ ಎದುರಿಗೆ ಅವನು ಅಂದಿನ ಮಾತುಗಳಿಗಾಗಿ ಪಶ್ಚಾತ್ತಾಪಪಟ್ಟನು. ರಣದಲ್ಲಿ ಪ್ರಾಣವನ್ನು ಕೊಟ್ಟನು. ಕವಿಗಳು ಅವನನ್ನು ಕ್ಷಮಿಸಿದರು. ಪ್ರಾತಿಕಾಮಿ ಏನಾದನೆಂಬುದನ್ನು ಕಾವ್ಯವು ಹೇಳುವುದಿಲ್ಲ. ಅವನು ಹೊತ್ತು ತಂದ ಪ್ರಶ್ನೆಗೆ, ಧರ್ಮದ ಗತಿ ಸೂಕ್ಷ್ಮ, ಉತ್ತರ ಹೇಳಲಾರೆನೆಂದು ಭೀಷ್ಮನು ಕೈಚೆಲ್ಲಿದನು. ಅಪಶಕುನಗಳಾದ ಮೇಲೆ ಧೃತರಾಷ್ಟ್ರನು ಬೆದರಿ, ದ್ರೌಪದಿಗೆ ವರಗಳನ್ನು ಕೊಟ್ಟು ಸಭೆಯನ್ನು ಮುಗಿಸಿದನು.